ಛೋಟಾ ಭೀಮನ ಐದು ಸಿನಿಮಾ, ಮೂರು ತಾಲ್ಲೂಕಿನ ಮೂರು ತರಗತಿ

ಪಾಠ ಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಒಂದು ಅಂಕಣವಿದೆ. ನಾವು ಪ್ರಶಿಕ್ಷಣಾರ್ಥಿಗಳು ಅದನ್ನು ಒಂದೇ ಸಾಲಿನಲ್ಲಿ ತುಂಬಿ ಮುಂದೆ ಹೋಗುತ್ತೇವೆ: ‘ವಿದ್ಯಾರ್ಥಿಗಳು ಹಿಂದಿನ ತರಗತಿಯಲ್ಲಿ ಈ ವಿಷಯವನ್ನು ಕಲಿತಿರುತ್ತಾರೆ.’ ಇಂಟರ್ನ್‌ಶಿಪ್ ಅವಧಿಯಲ್ಲಿ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕಿನ ಮೂರು ಶಾಲೆಗಳಲ್ಲಿ ಪಾಠ ಮಾಡಿದಾಗ ನನಗೆ ಕಂಡದ್ದು ಬೇರೆ. ಮೂರೂ ಕಡೆಯ ಮಕ್ಕಳಿಗೆ ಸಮಾನವಾಗಿ, ವಿವರವಾಗಿ, ತಪ್ಪಿಲ್ಲದೆ ಗೊತ್ತಿದ್ದ ಒಂದು ಊರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಅದು ಢೋಲಕಪುರ, ಛೋಟಾ ಭೀಮನ ಊರು. ಅದು ನನ್ನ ಬಾಲ್ಯದ ಊರೂ ಹೌದು. ಹಾಗಾಗಿ ಭೀಮನ ಸಿನಿಮಾಗಳನ್ನು ಮತ್ತೆ ನೋಡಿ, ಅವುಗಳಿಗೆ ಶ್ರೇಣಿ ಕೊಟ್ಟು, ಅದೇ ಕೆಲಸವನ್ನು ಮಕ್ಕಳಿಂದಲೂ ಮಾಡಿಸಿದೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ‘ಛೋಟಾ ಭೀಮ್’ ಧಾರಾವಾಹಿ 2008ರಲ್ಲಿ ಪೋಗೋ ವಾಹಿನಿಯಲ್ಲಿ ಶುರುವಾಯಿತು. ಇದನ್ನು ರೂಪಿಸಿದವರು ರಾಜೀವ್ ಚಿಲಕ; ತಯಾರಿಸಿದ್ದು ಹೈದರಾಬಾದಿನ ಗ್ರೀನ್ ಗೋಲ್ಡ್ ಆ್ಯನಿಮೇಷನ್ ಸಂಸ್ಥೆ. ಅಂದರೆ ನಮ್ಮ ಭಾಗದವರು ಆಸ್ಪತ್ರೆಗೆ, ಕೆಲಸಕ್ಕೆ, ಮದುವೆ ಬಟ್ಟೆಗೆ ಹೋಗಿಬರುವ ಊರಿನಲ್ಲೇ ಭೀಮ ಹುಟ್ಟಿದ. ಟಿವಿಗಾಗಿ ಮಾಡಿದ ಭೀಮನ ಚಿತ್ರಗಳು ಬಹಳ ಇವೆ. ಕೃಷ್ಣನ ಜೊತೆಗಿನವು, ಕಿರ್ಮಡ ರಾಕ್ಷಸ ಮತ್ತೆ ಮತ್ತೆ ಎದ್ದು ಬರುವವು. ನಾನು ಚಿತ್ರಮಂದಿರಕ್ಕೆ ಬಂದವುಗಳಲ್ಲಿ ಐದನ್ನು ಮಾತ್ರ ತೆಗೆದುಕೊಂಡೆ: ‘ಕರ್ಸ್ ಆಫ್ ದಮಯಾನ್’ (2012), ‘ಥ್ರೋನ್ ಆಫ್ ಬಾಲಿ’ (2013), ‘ಹಿಮಾಲಯನ್ ಅಡ್ವೆಂಚರ್’ (2016), ‘ಕುಂಗ್ ಫೂ ಧಮಾಕಾ’ (2019) ಮತ್ತು ಮನುಷ್ಯ ನಟರನ್ನು ಹಾಕಿ 2024ರಲ್ಲಿ ಮತ್ತೆ ತೆಗೆದ ‘ದಮಯಾನ್’.

ಶ್ರೇಣಿ ಕೊಡುವ ಮುನ್ನ ಮಾನದಂಡ ಬೇಕು. ಇದನ್ನು ಮೌಲ್ಯಮಾಪನದ ತರಗತಿಯಲ್ಲಿ ಕಲಿತಿದ್ದೇವೆ. ನಾನು ಮೂರು ಪ್ರಶ್ನೆ ಇಟ್ಟುಕೊಂಡೆ. ಮಗು ಆ ಕತೆಯನ್ನು ತನ್ನ ಮಾತಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲದೆ? ಭೀಮ ಲಾಡು ತಿಂದ ಬಲದಿಂದ ಮಾತ್ರ ಗೆಲ್ಲುತ್ತಾನೋ, ಯೋಚನೆಗೂ ಗೆಳೆಯರಿಗೂ ಜಾಗ ಇದೆಯೋ? ಸಿನಿಮಾ ಮುಗಿದ ಮೇಲೆ ಕೇಳಲು, ಹುಡುಕಲು ಏನಾದರೂ ಉಳಿಯುತ್ತದೆಯೆ?

ಐದನೇ ಸ್ಥಾನ 2024ರ ಚಿತ್ರಕ್ಕೆ. ಗುರು ಶಂಭುವಾಗಿ ಅನುಪಮ್ ಖೇರ್ ಅವರಂಥ ನಟರಿದ್ದಾರೆ, ನಿರ್ದೇಶಕರೂ ರಾಜೀವ್ ಚಿಲಕ ಅವರೇ. ಆದರೆ ಗೆರೆಯ ಭೀಮ ಯಾವ ಊರಿನ ಹುಡುಗ ಬೇಕಾದರೂ ಆಗಬಹುದು, ನಟನ ಮುಖದ ಭೀಮ ಒಬ್ಬನೇ ಹುಡುಗ. ನಾಲ್ಕನೆಯದು ‘ಹಿಮಾಲಯನ್ ಅಡ್ವೆಂಚರ್’. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹಿಮ ನೋಡುವುದು ಕಣ್ಣಿಗೆ ತಂಪು. ಮತ್ತೆ ನೋಡಿದಾಗಲೂ ನನ್ನ ನೆನಪಿನಲ್ಲಿ ಉಳಿದದ್ದು ಹಿಮ, ಕತೆಯಲ್ಲ.

ಮೂರನೆಯದು ‘ಕುಂಗ್ ಫೂ ಧಮಾಕಾ’. ಭೀಮನ ಬಳಗ ಕುಂಗ್ ಫೂ ಸ್ಪರ್ಧೆಗೆಂದು ಚೀನಾಕ್ಕೆ ಹೋಗುತ್ತದೆ, ಅಲ್ಲಿ ರಾಜಕುಮಾರಿಯ ಅಪಹರಣವಾಗುತ್ತದೆ. ಐದರಲ್ಲಿ ಚಿತ್ರಗಳ ಚಲನೆ ಅತ್ಯಂತ ನುಣುಪಾಗಿರುವುದು ಇದರಲ್ಲೇ. ಹೊಡೆದಾಟದ ಲಯ ಚೆನ್ನಾಗಿದೆ. ಆದರೆ ಕತೆ ಹೇಳಲು ಕೂತರೆ ‘ಆಮೇಲೆ ಹೊಡೆದ, ಆಮೇಲೆ ಹೊಡೆದ’ ಎಂಬ ಎರಡು ಪದಗಳಲ್ಲೇ ಅರ್ಧ ದಾರಿ ಸಾಗುತ್ತದೆ.

ಎರಡನೆಯದು 2012ರ ‘ದಮಯಾನ್’. ಚಿನ್ನದ ಆಸೆ ಹುಟ್ಟಿಸುವ ಸೋನಾಪುರ, ಶಾಪದಲ್ಲಿ ಸಿಕ್ಕಿಬಿದ್ದ ದಮಯಾನ್, ಅವನನ್ನು ತಡೆಯಲು ಸಾವಿರ ವರ್ಷ ಹಿಂದಕ್ಕೆ ಪಯಣ. ಬಾಲ್ಯದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಕತ್ತಲ ದೃಶ್ಯಗಳು ಈಗ ಸಾದಾ ಎನಿಸಿದವು. ಬದಲಿಗೆ ಕಾಲದ ಜೋಡಣೆ ಹಿಡಿಸಿತು. ನೋಡುವವರು ‘ಈಗ’ ಯಾವುದು, ‘ಆಗ’ ಯಾವುದು, ಹಿಂದೆ ಏನು ಬದಲಾದರೆ ಮುಂದೆ ಏನಾಗುತ್ತದೆ ಎಂದು ಲೆಕ್ಕ ಹಾಕಲೇಬೇಕು. ಇತಿಹಾಸದ ಕಾಲರೇಖೆ ಕಲಿಸುವವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಮೊದಲ ಸ್ಥಾನ ‘ಥ್ರೋನ್ ಆಫ್ ಬಾಲಿ’ಗೆ. ಇಲ್ಲಿ ಪಟ್ಟಕ್ಕೇರಬೇಕಾದವನು ಬಾಲಿಯ ರಾಜಕುಮಾರ ಅರ್ಜುನ್, ಭೀಮ ಜೊತೆಗಾರ. ನಾಯಕನಾಗಿದ್ದೂ ಇನ್ನೊಬ್ಬನ ಗೆಲುವಿಗೆ ದುಡಿಯುವ ಭೀಮ ನನಗೆ ದೊಡ್ಡವನಾಗಿ ಕಂಡ. ಕತೆಯ ಮಾಟಗಾತಿ ರಂಗ್ಡಾ ಸುಮ್ಮನೆ ಕಟ್ಟಿದ ಹೆಸರಲ್ಲ. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಬರೋಂಗ್ ಎಂಬ ಶುಭಶಕ್ತಿಗೂ ರಂಗ್ಡಾಗೂ ನಡೆಯುವ ಹೋರಾಟವನ್ನು ಮುಖವಾಡ ಹಾಕಿ ಕುಣಿಯುವ ಸಂಪ್ರದಾಯ ಇಂದಿಗೂ ಇದೆ. ಜೇವರ್ಗಿಯ ಎಂಟನೇ ತರಗತಿಯಲ್ಲಿ ಇದನ್ನು ಹೇಳಿ ಗ್ಲೋಬ್ ತೋರಿಸಿದಾಗ ಒಬ್ಬಳು ಕೇಳಿದಳು: ‘ಸರ, ಅಷ್ಟು ದೂರದಾಗ ಅರ್ಜುನ ಅಂತ ಹೆಸರು ಹ್ಯಾಂಗ ಹೋತ್ರಿ?’ ಹಡಗು, ವ್ಯಾಪಾರ, ಆಗ್ನೇಯ ಏಷ್ಯಾಕ್ಕೆ ಹೋದ ರಾಮಾಯಣ ಮಹಾಭಾರತ ಎಲ್ಲವೂ ಆ ಒಂದು ಪ್ರಶ್ನೆಯ ಬೆನ್ನಿಗೆ ಬಂದವು. ನನ್ನ ಯೋಜನೆಯಲ್ಲಿ ಬರೆದಿದ್ದ ಪೀಠಿಕಾ ಪ್ರಶ್ನೆಗಳ ಅಗತ್ಯ ಬೀಳಲಿಲ್ಲ.

ಮಕ್ಕಳ ಪಟ್ಟಿ ನನ್ನದಕ್ಕೆ ಹೊಂದಲಿಲ್ಲ. ನಿಯಮ ಎರಡೇ ಇದ್ದವು. ನೋಡಿದ ಸಿನಿಮಾಗಳಿಗೆ ಮಾತ್ರ ಶ್ರೇಣಿ ಕೊಡಬೇಕು; ಪ್ರತಿ ಶ್ರೇಣಿಯ ಮುಂದೆ ‘ಯಾಕಂದ್ರ’ ಎಂದು ಶುರುವಾಗುವ ಒಂದು ವಾಕ್ಯ ಬರೆಯಬೇಕು. ಆಳಂದದ ಏಳನೇ ತರಗತಿಯಲ್ಲೂ ಅಫಜಲಪುರದ ಆರನೇ ತರಗತಿಯಲ್ಲೂ ‘ಕುಂಗ್ ಫೂ’ ಮೊದಲು ಬಂತು. ಮೊದಲ ದಿನದ ಕಾರಣಗಳು ಒಂದೇ ಅಚ್ಚಿನವು: ‘ಯಾಕಂದ್ರ ಅದ್ರಾಗ ಹೊಡದಾಟ ಭಾಳ ಅದರಿ.’ ನಾನು ಅದನ್ನು ತಿದ್ದದೆ ಕಪ್ಪು ಹಲಗೆಯ ಮೇಲೆ ಹಾಗೇ ಬರೆದು, ‘ಯಾವ ಹೊಡೆದಾಟ? ಯಾರ ಜೊತೆ? ಸೋತಿದ್ದರೆ ಏನಾಗುತ್ತಿತ್ತು?’ ಎಂದು ಮಾತ್ರ ಕೇಳಿದೆ. ಎರಡನೇ ದಿನ ವಾಕ್ಯಗಳು ಉದ್ದವಾದವು. ಮೂರನೇ ದಿನ ಇಬ್ಬರು ತಾವೇ ಪಟ್ಟಿ ಬದಲಿಸಿದರು. ಅದರಲ್ಲೊಬ್ಬನ ವಾಕ್ಯ: ‘ಯಾಕಂದ್ರ ಬಾಲಿದಾಗ ಭೀಮ ರಾಜಾ ಆಗಂಗಿಲ್ಲ, ಗೆಳೆಯಾನ್ನ ರಾಜಾ ಮಾಡ್ತಾನ.’ ನಾನು ಮೂರು ಸಾಲಿನಲ್ಲಿ ಹೇಳಿದ್ದನ್ನು ಅವನು ಒಂದೇ ಸಾಲಿನಲ್ಲಿ ಹೇಳಿದ್ದ.

ಅಫಜಲಪುರದ ತರಗತಿಯಲ್ಲಿ ತಾಂಡಾದಿಂದ ಬರುವ ಒಬ್ಬ ಹುಡುಗನಿದ್ದ. ತಂದೆತಾಯಿ ಕೆಲಸಕ್ಕೆ ಪುಣೆಗೆ ಹೋದಾಗಲೆಲ್ಲ ಅವನೂ ಹೋಗುತ್ತಿದ್ದ; ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಸಾಲಿನ ತುಂಬ ಖಾಲಿ ಮನೆಗಳು. ಕನ್ನಡ ಓದುವುದರಲ್ಲಿ ಅವನು ತರಗತಿಗಿಂತ ಹಿಂದೆ. ‘ದಮಯಾನ್’ ಸರದಿ ಬಂದಾಗ ಅವನು ಎದ್ದು ಇಡೀ ಕತೆಯನ್ನು ಹಿಂದಿಯಲ್ಲಿ, ನಡುನಡುವೆ ಲಂಬಾಣಿ ಮತ್ತು ಕನ್ನಡ ಸೇರಿಸಿ, ಕಾಲದ ಹಿಂದುಮುಂದು ಎಲ್ಲೂ ತಪ್ಪದೆ ಹೇಳಿದ. ಉಳಿದವರು ಅದನ್ನು ಕನ್ನಡಕ್ಕೆ ತಂದರು; ನಾನು ಅವರ ವಾಕ್ಯಗಳನ್ನು ಹಲಗೆಯ ಮೇಲೆ ಬರೆದೆ. ಆ ದಿನ ತರಗತಿ ಓದಿದ ಪಠ್ಯ ಅದೇ. ತಾನೇ ಹೇಳಿದ ಕತೆಯಾದ್ದರಿಂದ ಮುಂದಿನ ಪದ ಯಾವುದೆಂದು ಅವನಿಗೆ ಮೊದಲೇ ಗೊತ್ತಿತ್ತು, ಅಕ್ಷರ ಹಿಡಿಯಲು ಆ ಊಹೆ ಆಸರೆಯಾಯಿತು. ಓದಲು ಬಾರದ ಮಗುವಿಗೆ ಕತೆಯೂ ಬಾರದು ಎಂದು ತಿಳಿಯುವುದಕ್ಕೆ ಆಧಾರವಿಲ್ಲ ಎಂಬುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ.

ಇನ್ನೊಂದು ಮಾತು ಹೇಳದೆ ಬಿಟ್ಟರೆ ಈ ಸರಣಿಯ ಬಗ್ಗೆ ಅರ್ಧ ಹೇಳಿದಂತೆ. ಭೀಮನ ಎದುರಾಳಿ ಕಾಲಿಯಾ ದಪ್ಪ ಮೈಯವನು, ಹೊಟ್ಟೆಬಾಕ, ಕಂತು ಕಂತಿಗೂ ನಗೆಪಾಟಲಿಗೆ ಈಡಾಗುವವನು. ಹೆಸರಿನಲ್ಲೇ ಕಪ್ಪು ಬಣ್ಣವಿದೆ. ಮೂರು ಶಾಲೆಗಳಲ್ಲಿ ಎರಡರಲ್ಲಿ ಈ ಅಡ್ಡಹೆಸರು ಹೊತ್ತ ಹುಡುಗರಿದ್ದರು. ಜೇವರ್ಗಿಯಲ್ಲಿ ನಾನು ಒಂದು ಚಟುವಟಿಕೆ ಕೊಟ್ಟೆ: ‘ಕಾಲಿಯಾ ತನ್ನ ಅವ್ವನಿಗೆ ಹೇಳಿದಂತೆ ಇಂದಿನ ಕತೆ ಬರೆಯಿರಿ.’ ‘ಲಾಡು ಭೀಮಗೂ ಸೇರ್ತಾವ, ನನಗೂ ಸೇರ್ತಾವ. ಅವ ತಿಂದ್ರ ಶಕ್ತಿ, ನಾ ತಿಂದ್ರ ಹೊಟ್ಟಿಬಾಕ’ ಎಂದು ಒಬ್ಬಳು ಬರೆದಳು. ಅಡ್ಡಹೆಸರು ಅಂದೇ ನಿಂತಿತು ಎಂದು ನಾನು ಹೇಳಲಾರೆ. ಆದರೆ ಆ ಬರಹ ಓದಿದಾಗ ತರಗತಿ ನಗಲಿಲ್ಲ. ಚುಟ್ಕಿಯ ಬಗ್ಗೆಯೂ ಹುಡುಗಿಯರಿಗೆ ತಕರಾರಿತ್ತು: ಲಾಡು ಒಗೆಯುವವಳು ಅವಳು, ಹೆಸರು ಭೀಮನದು.

ಭಾಷೆಯ ಮಾತಿಗೆ ಬರೋಣ. ನನ್ನ ಪೀಳಿಗೆ ಭೀಮನನ್ನು ಹಿಂದಿಯಲ್ಲಿ ನೋಡಿತು. 2009ರಲ್ಲಿ ಚಿಂಟು ಟಿವಿ ಬಂದು ಟಿವಿಯ ಕಾರ್ಟೂನ್ ಕನ್ನಡ ಮಾತಾಡಿತಾದರೂ, 1960ರ ದಶಕದಿಂದ ನಡೆದುಬಂದ ಡಬ್ಬಿಂಗ್ ವಿರೋಧದಿಂದಾಗಿ ದೊಡ್ಡ ಪರದೆಯ ಮಕ್ಕಳ ಚಿತ್ರ ನಮಗೆ ಬೇರೆ ಭಾಷೆಯಲ್ಲೇ ಸಿಕ್ಕಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ನೀಡಿದ ಮೇಲೆ ದಾರಿ ತೆರೆಯಿತು. 2025ರಲ್ಲಿ ‘ಮಹಾವತಾರ್ ನರಸಿಂಹ’ ಆ್ಯನಿಮೇಷನ್ ಚಿತ್ರ ಕನ್ನಡದಲ್ಲೂ ಬಂತು. ಹಿಂದಿ ನಮಗೆ ಕೇಡು ಮಾಡಿತು ಎನ್ನಲಾರೆ. ಆರನೇ ತರಗತಿಯಲ್ಲಿ ಹಿಂದಿ ಪಾಠ ಶುರುವಾಗುವ ಹೊತ್ತಿಗೆ ನಮ್ಮ ಮಕ್ಕಳ ಕಿವಿ ತಯಾರಾಗಿರುತ್ತದೆ. ಆದರೆ ಸಾಹಸ, ಶಾಪ, ಪ್ರತಿಜ್ಞೆ ಇವುಗಳಿಗೆ ಅವರ ಬಾಯಲ್ಲಿ ಹಿಂದಿ ಪದ ಮೊದಲು ಬರುತ್ತದೆ, ಕನ್ನಡ ಪದವನ್ನು ಪುಸ್ತಕದಿಂದ ಕಲಿಯಬೇಕು. ಇದಕ್ಕೊಂದು ಉಪಾಯ ಅದೇ ಸಂಸ್ಥೆಯ ‘ಮೈಟಿ ಲಿಟಲ್ ಭೀಮ್’ನಲ್ಲಿದೆ. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ, ಅಂಬೆಗಾಲಿನ ಭೀಮನ ಈ ಸರಣಿಯಲ್ಲಿ ಸಂಭಾಷಣೆಯೇ ಇಲ್ಲ. ಒಂದು ದೃಶ್ಯ ತೋರಿಸಿ ಮಾತು ಹಾಕಿರಿ ಎಂದರೆ ಸಾಕು. ಆಳಂದದ ತರಗತಿಯಲ್ಲಿ ಭೀಮನ ಅವ್ವ ಕನ್ನಡದಲ್ಲಿ ಬೈದಳು, ನೆರೆಯವಳು ಮರಾಠಿಯಲ್ಲಿ ಬಿಡಿಸಿಕೊಂಡಳು, ಅಂಗಡಿಯವ ದಖನಿಯಲ್ಲಿ ಲಾಡಿನ ಲೆಕ್ಕ ಕೇಳಿದ. ಗಡಿ ತಾಲ್ಲೂಕಿನ ಓಣಿ ಇರುವುದೇ ಹಾಗೆ.

ಕೊನೆಗೆ ಶ್ರೇಣಿಯ ವಿಷಯ. ನಮ್ಮ ಜಿಲ್ಲೆಗೆ ಶ್ರೇಣಿ ಪಟ್ಟಿಯ ಅನುಭವ ಇದೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಿತು. ಮೊದಲು ಬಂದ ದಕ್ಷಿಣ ಕನ್ನಡದ್ದು ಶೇ 91.12. ಆ ಪಟ್ಟಿಯನ್ನು ಎಲ್ಲರೂ ಓದಿದರು. ಪಟ್ಟಿಯಲ್ಲಿ ಸಂಖ್ಯೆ ಇತ್ತು, ‘ಯಾಕಂದ್ರ’ ಇರಲಿಲ್ಲ. ಪುಣೆಗೆ ಹೋಗಿಬರುವ ಹುಡುಗನ ಹಾಜರಿಯ ಖಾಲಿ ಮನೆಗಳು ಅದರಲ್ಲಿ ಕಾಣುವುದಿಲ್ಲ, ಅವನು ಹೇಳಿದ ಕತೆಯೂ ಕಾಣುವುದಿಲ್ಲ. ನಾವು ನಾಳೆ ಇದೇ ಜಿಲ್ಲೆಯ ಶಾಲೆಗಳಿಗೆ ಶಿಕ್ಷಕರಾಗಿ ಹೋಗುವವರು. ಮಕ್ಕಳಿಗೆ ಅಂಕ ಮತ್ತು ಶ್ರೇಣಿ ಕೊಡುವ ಕೆಲಸ ತಪ್ಪುವುದಿಲ್ಲ. ಪ್ರತಿ ಸಂಖ್ಯೆಯ ಮುಂದೆ ಕಾರಣದ ಒಂದು ವಾಕ್ಯ ಬರೆಯುವ ಅಭ್ಯಾಸವನ್ನು ನಾವು ಅವರಿಗೆ ಕಲಿಸಿದರೆ, ಅದನ್ನೇ ನಮ್ಮಿಂದ ಕೇಳುವ ಹಕ್ಕು ಅವರಿಗೂ ಬರುತ್ತದೆ.

ಮುಂದಿನ ತಂಡದ ಗೆಳೆಯರಿಗೆ ಒಂದು ಸೂಚನೆ: ಈ ಚಟುವಟಿಕೆಗೆ ಮೂರು ಅವಧಿ ಬೇಕು, ಸಿನಿಮಾ ತೋರಿಸುವ ಅಗತ್ಯವಿಲ್ಲ, ಖರ್ಚು ಒಂದು ಪೆಟ್ಟಿಗೆ ಸೀಮೆಸುಣ್ಣ. ಮೊದಲ ದಿನ ನಿಮ್ಮ ಪಟ್ಟಿಯನ್ನು ಮಕ್ಕಳಿಗೆ ತೋರಿಸಬೇಡಿ. ತೋರಿಸಿದರೆ ಮರುದಿನ ಎಲ್ಲರ ಪಟ್ಟಿಯೂ ನಿಮ್ಮದೇ ಆಗಿರುತ್ತದೆ.