ಪುಟ್ಟ ಪಾದಗಳ ಹಕ್ಕು

ಕಳೆದ ಮಳೆಗಾಲದ ಒಂದು ಸಂಜೆ ಮದ್ರಸದಲ್ಲಿ ಬೆಕ್ಕಿನ ಹದೀಸನ್ನು ಪಾಠ ಮಾಡಿದ್ದೆವು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿರುವ, ನಮ್ಮ ಮಕ್ಕಳಿಗೆಲ್ಲ ಚಿರಪರಿಚಿತವಾದ ಹದೀಸ್ ಅದು. ಬೆಕ್ಕೊಂದನ್ನು ಸಾಯುವವರೆಗೂ ಕೂಡಿಹಾಕಿದ ಮಹಿಳೆಯೊಬ್ಬಳು ಆ ಕಾರಣಕ್ಕಾಗಿಯೇ ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಪಾಠ ಮುಗಿಸಿ, ಮೂಕ ಜೀವಿಗಳ ಮೇಲಿನ ಕರುಣೆಯ ಕುರಿತು ನಾಲ್ಕು ಮಾತು ಸೇರಿಸಿ, ತೃಪ್ತಿಯಿಂದಲೇ ಮನೆಗೆ ಮರಳಿದೆವು. ಅದೇ ಹದೀಸ್ ಆ ರಾತ್ರಿ ನಮ್ಮ ಮನೆಯ ಪಂಜರದ ಮುಂದೆ ನಮ್ಮನ್ನೇ ನಿಲ್ಲಿಸಿ ಪ್ರಶ್ನಿಸೀತೆಂಬ ಕಲ್ಪನೆ ನಮಗಿರಲಿಲ್ಲ.

ನಮ್ಮ ಮನೆಯಲ್ಲಿ ಹಸಿರು ಬಣ್ಣದ ಪುಟ್ಟ ಗಿಳಿಯೊಂದಿದೆ. ಮಕ್ಕಳು ಅದನ್ನು ಮಿಠ್ಠು ಎಂದು ಕರೆಯುತ್ತಾರೆ. ಅಂಗಡಿಗಳಲ್ಲಿ ಲವ್‌ಬರ್ಡ್ಸ್ ಎಂಬ ಹೆಸರಿನಲ್ಲಿ ಮಾರುವ ಈ ಹಕ್ಕಿಯ ನಿಜವಾದ ಹೆಸರು ಬಡ್ಜರಿಗರ್. ಇದರ ಮೂಲ ಆಸ್ಟ್ರೇಲಿಯಾದ ಒಣ ಬಯಲು. ನಮ್ಮ ನಾಡಿನ ತೋಟಗಳಲ್ಲಿ ಹಾರಾಡುವ, ಕೊರಳಲ್ಲಿ ಕೆಂಪು ಪಟ್ಟಿಯಿರುವ ಗಿಳಿಯನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಮಕ್ಕಳು ಗಿಳಿ ಬೇಕೆಂದು ಹಟ ಹಿಡಿದಾಗ, ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆಯುತ್ತಿರುವ ಈ ಹಕ್ಕಿಯನ್ನು ತಂದಿದ್ದೆವು. ಹೊತ್ತುಹೊತ್ತಿಗೆ ನವಣೆ, ಶುದ್ಧ ನೀರು, ರಾತ್ರಿ ಪಂಜರದ ಮೇಲೊಂದು ಬಟ್ಟೆ. ಇಷ್ಟಕ್ಕೆ ನಮ್ಮ ಹೊಣೆ ಮುಗಿಯಿತೆಂದು ತಿಳಿದಿದ್ದೆವು.

ಆ ರಾತ್ರಿ ಇಶಾ ನಮಾಝಿನ ಬಳಿಕ ಕಿರಿಯ ಮಗಳು ಪಂಜರದ ಬಳಿಯಿಂದ ಕರೆದಳು. “ಅಬ್ಬಾ, ಮಿಠ್ಠು ಒಂದು ಕಾಲು ಎತ್ತುತ್ತಾನೆ, ಮತ್ತೆ ಅದನ್ನು ಇಟ್ಟು ಇನ್ನೊಂದು ಎತ್ತುತ್ತಾನೆ. ನಿಲ್ಲಲು ಆಗುತ್ತಿಲ್ಲವೇನೋ” ಎಂದಳು. ಹಕ್ಕಿಗಳು ಒಂಟಿ ಕಾಲಿನಲ್ಲಿ ನಿದ್ರಿಸುವುದು ಸಹಜವೆಂದು ನಾವು ತಿಳಿಹೇಳಿದೆವು. ಅವಳು ಒಪ್ಪಲಿಲ್ಲ. ಪಂಜರದ ಕೆಳಗಿನಿಂದ ದೀಪ ಹಿಡಿದು ನೋಡಿದಾಗ ಮಾತು ನಿಂತಿತು. ಎರಡೂ ಅಂಗಾಲುಗಳು ಕೆಂಪೇರಿದ್ದವು. ಎಡಗಾಲಿನ ನಡುವೆ ಸಣ್ಣ ಊತವೂ ಇತ್ತು.

ಮರುದಿನ ಪಶುವೈದ್ಯರಲ್ಲಿಗೆ ಹೋದೆವು. ಅವರು ಹಕ್ಕಿಯನ್ನು ಮೆತ್ತಗಿನ ಬಟ್ಟೆಯಲ್ಲಿ ಹಿಡಿದು ಪಾದ ತೋರಿಸಿದರು. ಆರೋಗ್ಯವಂತ ಹಕ್ಕಿಯ ಅಂಗಾಲಿನಲ್ಲಿ ಸಣ್ಣ ಸಣ್ಣ ಹುರುಪೆಗಳ ಸಾಲು ಎದ್ದು ಕಾಣಬೇಕು. ಮಿಠ್ಠುವಿನ ಪಾದದಲ್ಲಿ ಅವು ಸವೆದು ಚರ್ಮ ನುಣುಪಾಗಿ ಹೊಳೆಯುತ್ತಿತ್ತು. ಬಂಬಲ್‌ಫುಟ್ ಎಂದು ಕರೆಯುವ ಪಾದದ ಹುಣ್ಣಿನ ಆರಂಭವಿದು, ಹೀಗೆಯೇ ಬಿಟ್ಟರೆ ಸೋಂಕು ಒಳಗಿಳಿದು ಸ್ನಾಯು, ಮೂಳೆಗಳನ್ನೂ ತಲುಪಬಹುದು ಎಂದರು. ಬಳಿಕ ಅವರು ಕೇಳಿದ ಮೊದಲ ಪ್ರಶ್ನೆ ಆಹಾರದ ಕುರಿತಾಗಿರಲಿಲ್ಲ. “ಪಂಜರದಲ್ಲಿ ಹಕ್ಕಿ ಕೂರಲು ಏನಿಟ್ಟಿದ್ದೀರಿ?” ಎಂದು ಕೇಳಿದರು.

ಪಂಜರದೊಂದಿಗೇ ಬಂದ ಎರಡು ಪ್ಲಾಸ್ಟಿಕ್ ಅಡ್ಡಕೋಲುಗಳು. ಎರಡೂ ಒಂದೇ ದಪ್ಪ, ಎರಡೂ ನುಣುಪು. ಉಗುರು ತಾನಾಗಿ ಸವೆಯುತ್ತದೆಂಬ ನಂಬಿಕೆಯಿಂದ ಒಂದಕ್ಕೆ ಮರಳುಕಾಗದದ ಕವಚವನ್ನೂ ನಾವೇ ತೊಡಿಸಿದ್ದೆವು. ಬಡಗಿಗಳು ಮರ ಉಜ್ಜುವ ವಸ್ತುವಿನ ಮೇಲೆ ಆ ಜೀವ ಹಗಲಿರುಳು ನಿಂತಿತ್ತು.

ವೈದ್ಯರು ವಿವರಿಸಿದರು. ಗಿಳಿಗೆ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಕೊಂಬೆಯನ್ನು ಅಪ್ಪಿ ಹಿಡಿಯಲೆಂದೇ ಅದರ ಪಾದ ರಚಿತವಾಗಿದೆ. ಮರದಲ್ಲಿ ಒಂದು ಕೊಂಬೆ ದಪ್ಪ, ಇನ್ನೊಂದು ಸಣ್ಣ. ಒಂದು ಬಾಗಿದೆ, ಇನ್ನೊಂದು ಗಂಟುಗಂಟು. ಹಕ್ಕಿ ಜಾಗ ಬದಲಿಸಿದಂತೆಲ್ಲ ಪಾದದ ಮೇಲಿನ ಭಾರವೂ ಜಾಗ ಬದಲಿಸುತ್ತದೆ. ಒಂದೇ ಅಳತೆಯ ಕೋಲಿನ ಮೇಲಾದರೋ ಅದೇ ಬಿಂದುವಿಗೆ ಅದೇ ಒತ್ತಡ. ನಮಗಾದರೆ ನಿಂತು ದಣಿದಾಗ ಕುಳಿತುಕೊಳ್ಳಲು, ಮಲಗಲು ಅವಕಾಶವಿದೆ. ಈ ಹಕ್ಕಿ ನಿದ್ರೆಯನ್ನೂ ನಿಂತೇ ಮಾಡುತ್ತದೆ. ಮೂವತ್ತು ನಲವತ್ತು ಗ್ರಾಂ ತೂಗುವ ಜೀವವೇ ಆದರೂ ಬಿಡುವಿಲ್ಲದ ಭಾರ ಭಾರವೇ.

ಮನೆಯಲ್ಲಿ ಇದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವರು ನಮ್ಮ ತಾಯಿ. ಅವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಒಮ್ಮೆ ಪಾದದಲ್ಲಿ ಹುಣ್ಣಾಗಿ ತಿಂಗಳುಗಟ್ಟಲೆ ನರಳಿದವರು. ಅಂದಿನಿಂದ ವೈದ್ಯರು ಹೇಳಿದ ಮೆತ್ತನೆಯ ಎಂಸಿಆರ್ ಚಪ್ಪಲಿಯನ್ನು ಮನೆಯೊಳಗೂ ಕಳಚುವುದಿಲ್ಲ. “ಬೇಟಾ, ನನ್ನ ಕಾಲಿಗಾಗಿ ಮೂರು ಅಂಗಡಿ ತಿರುಗಿ ಚಪ್ಪಲಿ ತಂದೆ. ಅದಕ್ಕೆ ಬಾಯಿಲ್ಲ, ಅದರ ಕಾಲನ್ನು ನೋಡಲೇ ಇಲ್ಲ” ಎಂದರು. ಬೈಗುಳದ ದನಿ ಅದರಲ್ಲಿರಲಿಲ್ಲ. ಆದರೂ ಅದಕ್ಕಿಂತ ಕಠಿಣವಾದ ಮಾತನ್ನು ನಾವು ಆ ವರ್ಷ ಕೇಳಲಿಲ್ಲ.

ಹಿತ್ತಲಿನ ಸೀಬೆಮರಕ್ಕೆ ನಾವೆಂದೂ ಔಷಧ ಸಿಂಪಡಿಸಿದವರಲ್ಲ. ಅದರಿಂದ ನಾಲ್ಕು ಕೊಂಬೆಗಳನ್ನು ಕಡಿದೆವು. ಕಿರುಬೆರಳಿನ ಗಾತ್ರದಿಂದ ಹೆಬ್ಬೆರಳಿನ ಗಾತ್ರದವರೆಗೆ, ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ದಪ್ಪದವು. ಹಕ್ಕಿಯ ಬೆರಳುಗಳು ಕೊಂಬೆಯನ್ನು ಮುಕ್ಕಾಲು ಪಾಲು ಸುತ್ತಬೇಕು, ಆದರೆ ತುದಿಗಳು ಒಂದನ್ನೊಂದು ಮುಟ್ಟಬಾರದು ಎಂಬುದೇ ಅಳತೆ. ತೊಗಟೆಯನ್ನು ಹಾಗೆಯೇ ಉಳಿಸಿ, ಬ್ರಷ್‌ನಿಂದ ಉಜ್ಜಿ, ಕುದಿಯುವ ನೀರು ಸುರಿದು, ಮಳೆ ಬಿಟ್ಟಾಗಲೆಲ್ಲ ಬಿಸಿಲಿಗಿಟ್ಟು ಚೆನ್ನಾಗಿ ಒಣಗಿಸಿದೆವು. ಬೇವಿನ ಕೊಂಬೆಯೂ ಆಗುತ್ತದೆ. ಕಣಗಿಲೆಯಂತಹ ವಿಷದ ಗಿಡವನ್ನು ಮಾತ್ರ ಹತ್ತಿರ ತರಬಾರದು.

ಹಕ್ಕಿ ರಾತ್ರಿ ಎತ್ತರದ ಜಾಗವನ್ನೇ ಆರಿಸುವುದರಿಂದ ದಪ್ಪ ಕೊಂಬೆಯನ್ನು ಮೇಲೆ ಕಟ್ಟಿ, ಗಾಯ ಮಾಯುವವರೆಗೆ ಅದಕ್ಕೆ ಮೆತ್ತನೆಯ ಹತ್ತಿಬಟ್ಟೆ ಸುತ್ತಿದೆವು. ನೂಲು ಬಿಚ್ಚಿದರೆ ಉಗುರು ಸಿಕ್ಕಿಕೊಂಡೀತೆಂದು ದಿನವೂ ನೋಡುತ್ತಿದ್ದೆವು. ಬಟ್ಟೆ ಕೊಳೆಯಾದೊಡನೆ ಬದಲಿಸುತ್ತಿದ್ದೆವು. ಒಂದು ಮೂಲೆಯಲ್ಲಿ ಪಾದ ಚಪ್ಪಟೆಯಾಗಿ ಊರಲು ಸಣ್ಣ ಹಲಗೆಯನ್ನಿಟ್ಟೆವು. ಹಿಕ್ಕೆ ಬೀಳದಂತೆ ನೀರು ಕಾಳುಗಳ ಬಟ್ಟಲಿನ ನೇರಕ್ಕೆ ಯಾವ ಕೊಂಬೆಯನ್ನೂ ಕಟ್ಟಲಿಲ್ಲ. ಮರಳುಕಾಗದ ಅಂದೇ ಕಸದ ಬುಟ್ಟಿ ಸೇರಿತು.

ವೈದ್ಯರು ಕೊಟ್ಟ ಹನಿಗಳನ್ನಷ್ಟೇ ಹಾಕಿದೆವು. ಮನೆಯ ಮುಲಾಮು ಹಚ್ಚಬಾರದು, ಹಕ್ಕಿ ಅದನ್ನು ಕೊಕ್ಕಿನಿಂದ ನುಂಗುತ್ತದೆ, ಜಿಡ್ಡು ಗರಿಯನ್ನು ಕೆಡಿಸುತ್ತದೆ, ಹಕ್ಕಳೆಯನ್ನು ನೀವೇ ಕೀಳಬೇಡಿ ಎಂದು ಅವರು ಎಚ್ಚರಿಸಿದ್ದರು. ಬರಿಯ ಕಾಳು ತಿಂದು ಹಕ್ಕಿ ದಪ್ಪವಾಗುತ್ತದೆ, ಎ ಜೀವಸತ್ವ ಸಾಲದೆ ಚರ್ಮವೂ ಬಲಗುಂದುತ್ತದೆ ಎಂದಿದ್ದರಿಂದ ತುರಿದ ಗಜ್ಜರಿ, ಕೊತ್ತಂಬರಿ, ನುಗ್ಗೆಸೊಪ್ಪುಗಳನ್ನು ಸೇರಿಸಿದೆವು. ಹತ್ತು ದಿನ ಮಿಠ್ಠು ಅವುಗಳತ್ತ ತಿರುಗಿಯೂ ನೋಡಲಿಲ್ಲ. ಹೊಸ ಕೊಂಬೆಗೂ ಹೆದರಿ ಮೊದಲ ದಿನ ಸರಳುಗಳಿಗೇ ಅಂಟಿಕೊಂಡಿತ್ತು. ನಾಲ್ಕನೆಯ ದಿನ ಸೀಬೆಯ ತೊಗಟೆ ಸುಲಿಯುವ ಸದ್ದು ಅಡುಗೆಮನೆಗೂ ಕೇಳಿಸಿತು. ಐದು ವಾರಗಳಲ್ಲಿ ಊತ ಇಳಿಯಿತು. ಎಡ ಪಾದದ ಹುರುಪೆಗಳು ಮಾತ್ರ ಇಂದಿಗೂ ಪೂರ್ತಿ ಮರಳಿಲ್ಲ.

ಆ ದಿನಗಳಲ್ಲೇ ಮಗಳು ಕೇಳಿದಳು, “ಅಬ್ಬಾ, ಆ ಹೆಂಗಸು ಬೆಕ್ಕಿಗೆ ಊಟ ಕೊಟ್ಟಿರಲಿಲ್ಲ. ನಾವು ಮಿಠ್ಠುವಿಗೆ ಕೊಟ್ಟಿದ್ದೇವಲ್ಲ. ಹಾಗಾದರೆ ನಮ್ಮದು ತಪ್ಪಲ್ಲ ತಾನೇ?”

ಹೌದೆಂದು ಹೇಳಿ ಪಾರಾಗಬಹುದಿತ್ತು. ಆದರೆ ವರ್ಷಗಳಿಂದ ಕಲಿಸುತ್ತಾ ಬಂದಿದ್ದ ಆ ಹದೀಸಿನ ಉತ್ತರಾರ್ಧ ನಮಗೆ ಆಗಲೇ ಸರಿಯಾಗಿ ಕೇಳಿಸಿತು. ಆಕೆ ತಾನೂ ಉಣಿಸಲಿಲ್ಲ, ನೆಲದ ಹುಳಹುಪ್ಪಟೆಗಳನ್ನು ಅದೇ ಹುಡುಕಿ ತಿನ್ನಲೆಂದು ಬಿಡಲೂ ಇಲ್ಲ ಎಂಬ ಆಶಯ ಅಲ್ಲಿದೆ. ಜೀವಿಯ ಹಾದಿಯನ್ನು ಮುಚ್ಚಿದ ಕ್ಷಣದಿಂದ, ಆ ಹಾದಿಯಲ್ಲಿ ಅದಕ್ಕೆ ದೊರೆಯಬೇಕಿದ್ದುದೆಲ್ಲವೂ ಮುಚ್ಚಿದವನ ಮೇಲಿನ ಸಾಲವಾಗುತ್ತದೆ. ಬೆಕ್ಕಿಗೆ ಅದು ಆಹಾರವಾಗಿತ್ತು. ನಮ್ಮ ಹಕ್ಕಿಗೆ ಆಹಾರದೊಂದಿಗೆ ಕೊಂಬೆಯೂ ಆಗಿತ್ತು. ಒಂದು ಸಾಲವನ್ನು ತೀರಿಸಿ ಇನ್ನೊಂದನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಗಳಿಗೆ ಅದನ್ನೇ ಹೇಳಿದೆವು, “ತಪ್ಪು ನಮ್ಮದೇ. ಅದನ್ನು ಮೊದಲು ಕಂಡದ್ದು ನೀನು” ಎಂದೂ ಹೇಳಿದೆವು.

ಹಕ್ಕಿ ಸಾಕುವುದನ್ನು ಧರ್ಮ ನಿಷೇಧಿಸಿಲ್ಲ. ಪುಟ್ಟ ಬಾಲಕ ಅಬೂ ಉಮೈರ್‌ನ ಬಳಿ ಪುಟ್ಟ ಹಕ್ಕಿಯೊಂದಿತ್ತು. ಪ್ರವಾದಿ(ಸ) ಅದರ ಬಗ್ಗೆ ಅವನನ್ನು ಅಕ್ಕರೆಯಿಂದ ವಿಚಾರಿಸಿದ್ದರು. ಹಿಂಸೆಯಿಲ್ಲದಿದ್ದರೆ ಸಾಕಬಹುದೆಂಬುದಕ್ಕೆ ವಿದ್ವಾಂಸರು ಇದನ್ನು ಆಧಾರವಾಗಿ ತೋರಿಸುತ್ತಾರೆ. ಆದರೆ ಅನುಮತಿಯ ಜೊತೆಗೆ ವಿಚಾರಿಸುವ ಹೊಣೆಯೂ ಬರುತ್ತದೆ.

ನಿಮ್ಮ ಮನೆಯಲ್ಲೂ ಪಂಜರವಿದ್ದರೆ ವಾರಕ್ಕೊಮ್ಮೆ ಕೆಳಗಿನಿಂದ ದೀಪ ಹಿಡಿದು ಪಾದಗಳನ್ನು ನೋಡಿರಿ. ಕೆಂಪು, ಹೊಳಪು, ಊತ ಕಂಡರೆ, ಹಕ್ಕಿ ಮೇಲೇರದೆ ತಳದಲ್ಲೇ ಕುಳಿತರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ನಮ್ಮಲ್ಲಿ ಈ ಕೆಲಸ ಈಗ ಶುಕ್ರವಾರದ್ದು. ಮಗಳು ದೀಪ ಹಿಡಿಯುತ್ತಾಳೆ, ತಾಯಿ ಕನ್ನಡಕ ಹಾಕಿಕೊಂಡು ನೋಡುತ್ತಾರೆ, ನಾವು ಕೊಂಬೆ ತೊಳೆಯುತ್ತೇವೆ. ನಮ್ಮ ಆಶ್ರಯದಲ್ಲಿರುವ ಜೀವಿಗಳ ಹಕ್ಕನ್ನು ಅವು ನರಳುವ ಮುನ್ನವೇ ಅರಿಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.