ಹೊಳಿಗಂಗವ್ವನ ಮಡಿಲಿಗೆ ಒಂದು ಪಣತಿ

ಜನವರಿ 2ರ ಬೆಳಗು. ಬಿಜ್ಜರಗಿ ಬಿಟ್ಟ ಟಂಟಂ ಟಿಕೋಟಾ ಕಡೆಗೆ ಓಡುತ್ತಿದೆ. ಥಂಡಿ ಗಾಳಿ ಕಿವಿ ಕೊರೆಯುತ್ತದೆ. ಅವ್ವನ ತೊಡೆಯ ಮೇಲೆ ಬುಟ್ಟಿ. ಅದರಲ್ಲಿ ಕಣಕದ ಪಣತಿಗಳು, ಕುಸುಬಿ ಎಣ್ಣೆಯ ಸಣ್ಣ ಬಾಟಲಿ, ಹೊಸೆದ ಬತ್ತಿ, ಮುತ್ತಲ ಎಲೆಯ ದೊನ್ನೆಗಳು. ಪಣತಿ ಒಣಗಿ ಸೀಳಬಾರದೆಂದು ಒದ್ದೆ ಬಟ್ಟೆ ಹೊದಿಸಿದ್ದಾಳೆ. ರಸ್ತೆಯ ಎರಡೂ ಬದಿ ಬಿಳಿಜೋಳ, ಅದರಾಚೆ ದ್ರಾಕ್ಷಿ ತೋಟ. ಒಣದ್ರಾಕ್ಷಿಯ ಶೆಡ್‌ಗಳು ಇನ್ನೂ ಖಾಲಿ ಇವೆ.

ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ್ದು ಈ ಬಿಜ್ಜರಗಿಯಲ್ಲಿ. ನಮ್ಮ ಭಾಗದವರಿಗೆ ಅವರು ಅಪ್ಪಾರು. 2023ರ ಜನವರಿ 2, ವೈಕುಂಠ ಏಕಾದಶಿಯ ಸಂಜೆ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಅವರು ದೇಹ ಬಿಟ್ಟರು. ಮರುದಿನ ಸೈನಿಕ ಶಾಲೆಯ ಮೈದಾನಕ್ಕೆ ಹರಿದುಬಂದ ಜನಕ್ಕೆ ಲೆಕ್ಕವಿರಲಿಲ್ಲ.

ಇವತ್ತೂ ಆಶ್ರಮ ತುಂಬಿದೆ. ಗುರುನಮನಕ್ಕೆ ಬಂದವರು ನೆಲದ ಮೇಲೆ ಸಾಲಾಗಿ ಕೂತಿದ್ದಾರೆ. ಬಿಳಿ ಟೋಪಿಯ ಮುದುಕರು, ಇಲಕಲ್ ಸೀರೆಯ ಸೆರಗು ಹೊದ್ದ ಹೆಂಗಸರು, ಸಾಲಿ ಹುಡುಗರು. ಇಷ್ಟು ಜನರ ನಡುವೆಯೂ ಗದ್ದಲವಿಲ್ಲ. ಮಾತಾಡದೆ ಕೂತು ಕೇಳುವುದನ್ನು ಅಪ್ಪಾರ ಪ್ರವಚನಗಳೇ ಈ ಜನಕ್ಕೆ ಕಲಿಸಿವೆ. ಪಕ್ಕದಲ್ಲಿ ಕೂತ ನನ್ನ ತಮ್ಮನ ಮಗ ನಮ್ಮ ಕಾಕಾನ ಅಂಗಿ ಜಗ್ಗುತ್ತಾನೆ.

"ಅಜ್ಜಾ, ಅಪ್ಪಾರ ಗದ್ದಿಗಿ ಎಲ್ಲೈತಿ?"

"ಗದ್ದಿಗಿ ಇಲ್ಲೋ ತಮ್ಮಾ. ಬ್ಯಾಡಂತ ಅವರ ಬರದಿಟ್ಟ ಹೋಗ್ಯಾರ."

2014ರ ಗುರುಪೂರ್ಣಿಮೆಯಂದೇ ಅವರು ಎಲ್ಲವನ್ನೂ ಬರೆದಿಟ್ಟಿದ್ದರು. ದೇಹವನ್ನು ಭೂಮಿಯಲ್ಲಿ ಇಡದೆ ಅಗ್ನಿಗೆ ಕೊಡಬೇಕು, ಶ್ರಾದ್ಧದ ವಿಧಿಗಳು ಬೇಡ, ಬೂದಿಯನ್ನು ನದಿಗೋ ಸಾಗರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು. ಅಂಗಿಗೆ ಜೇಬು ಇಟ್ಟುಕೊಳ್ಳದ, 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದ ಬದುಕು ಅವರದು. ಸಾವಿನ ನಂತರವೂ ಅವರು ಏನನ್ನೂ ಇಟ್ಟುಕೊಳ್ಳಲಿಲ್ಲ. ಆ ಬರಹದಂತೆಯೇ ಅವರ ಚಿತಾಭಸ್ಮ ಕೂಡಲಸಂಗಮದ ನೀರಿಗೂ ಗೋಕರ್ಣದ ಕಡಲಿಗೂ ಸೇರಿತು. ಸಂಗಮದ ಕೃಷ್ಣೆ ಹರಿಯುವುದು ಮೂಡಣ ಸಮುದ್ರಕ್ಕೆ, ಗೋಕರ್ಣವಿರುವುದು ಪಡುವಣ ಸಮುದ್ರದ ದಂಡೆಗೆ. ಬಿಜ್ಜರಗಿಯ ಹುಡುಗನ ಬೂದಿಗೆ ಎರಡೂ ಕಡಲು ದಾರಿಯಾದವು.

ಪ್ರಸಾದ ಮುಗಿಸಿ ಬಬಲೇಶ್ವರದ ಹಾದಿ ಹಿಡಿಯುತ್ತೇವೆ. ಊರು ದಾಟಿ ಗಲಗಲಿ ಸೇತುವೆ ಹತ್ತಿರವಾದಂತೆ ಗಾಳಿಗೆ ಹಸಿ ವಾಸನೆ ಬರುತ್ತದೆ. ಕೃಷ್ಣಾ ಹೊಳೆ ಕಾಣುತ್ತಲೇ ಅವ್ವ ಕೈಮುಗಿದು "ಗಂಗವ್ವಾ" ಎನ್ನುತ್ತಾಳೆ. ಚಪ್ಪಲಿ ಬಿಟ್ಟು ಇಳಿದರೆ ಕರಿ ಎರೆಮಣ್ಣು ಕಾಲ್ಬೆರಳ ಸಂದಿಗೆ ಏರುತ್ತದೆ, ನೀರು ಕೊರೆಯುತ್ತದೆ. ಹೊತ್ತು ಮುಳುಗಿದೆ.

ಅವ್ವ ದೊನ್ನೆಗೆ ಪಣತಿ ಇಟ್ಟು, ಎಣ್ಣೆ ಹನಿಸಿ, ಬತ್ತಿಯನ್ನು ಅದ್ದಿ ತುದಿ ಹಿಂಡುತ್ತಾಳೆ. ಕಡ್ಡಿ ಕೊರೆದಾಗಲೆಲ್ಲ ಗಾಳಿ ಆರಿಸುತ್ತದೆ. ನಾವು ಸುತ್ತ ನಿಂತು ಶಾಲು ಹಿಡಿಯುತ್ತೇವೆ. ಆಗ ಕಾಕಾ, ಮುಂಜಾನೆಯಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಕೇಳಿಯೇ ಬಿಡುತ್ತಾರೆ.

"ವೈನಿ, ಕ್ರಿಯಾಕರ್ಮ ಬ್ಯಾಡ ಅಂದಾರ ಅಪ್ಪಾರು. ನಾವ್ ಹಿಂಗ ದೀಪಾ ಬಿಡೂದು ಸರಿ ಏನ?"

"ಅವರಿಗೆ ಬ್ಯಾಡ್ರಿ, ನಮಗ ಬೇಕಲ್ಲ. ಕಣಕ ಮೀನಾ ತಿಂತಾವ, ಎಲಿ ಕೊಳೀತೈತಿ. ಏನ್ ಉಳೀತೈತಿ ಹೇಳ್ರಿ?"

ದೊನ್ನೆಗಳು ಕೈಬಿಟ್ಟವು. ಮೊದಲು ದಂಡೆಗೇ ಮರಳಿ ಬಂದದ್ದನ್ನು ಹುಡುಗ ಮೊಣಕಾಲುಮಟ ಇಳಿದು ಅಂಗೈಯಿಂದ ನೀರು ನೂಕಿ ಒಳಗೆ ಕಳಿಸಿದ. ಒಂದು ಸೆಳವು ಹಿಡಿದು ಹೋಯಿತು, ಇನ್ನೊಂದು ಜೊಂಡಿಗೆ ತಾಗಿ ನಿಂತಿತು. ಮುಂದೆ ಆಲಮಟ್ಟಿಯ ಹಿನ್ನೀರು, ಅಣೆಕಟ್ಟು, ಅದರ ಕೆಳಗೆ ಕೂಡಲಸಂಗಮ. ಪಣತಿ ಅಲ್ಲಿಗೆ ಮುಟ್ಟುವುದಿಲ್ಲ. ಅದನ್ನು ಹೊತ್ತ ನೀರು ಮಾತ್ರ ಎಂದಾದರೂ ಗೇಟು ದಾಟಿ ಮುಟ್ಟುತ್ತದೆ.

ಹುಡುಗ ಬುಟ್ಟಿಯಲ್ಲಿ ಕೈಯಾಡಿಸಿ, "ಮುಂದಿನ ವರ್ಷ ಪಣತಿ ನಾ ಮಾಡ್ತೀನಿ" ಎನ್ನುತ್ತಾನೆ. ಅವ್ವ ಅಲ್ಲೇ ಅವನಿಗೆ ಕಣಕ ಎಷ್ಟು ಗಟ್ಟಿ ನಾದಬೇಕು, ಬತ್ತಿಯ ಕುಣಿಯನ್ನು ಹೆಬ್ಬೆರಳಿನಿಂದ ಹೇಗೆ ಒತ್ತಬೇಕು ಎಂದು ಹೇಳತೊಡಗುತ್ತಾಳೆ. ಕಲ್ಲಿನ ಸ್ಮಾರಕವಿದ್ದರೆ ನೆನೆಯುವ ಕೆಲಸವನ್ನು ಅದಕ್ಕೆ ಒಪ್ಪಿಸಿ ನಾವು ಮನೆಯಲ್ಲಿ ಕೂರಬಹುದಿತ್ತು. ಅಪ್ಪಾರು ಆ ದಾರಿ ಮುಚ್ಚಿ ಹೋದರು. ಹಾಗಾಗಿ ಅವರ ನೆನಪು ಉಳಿಯಬೇಕಾದರೆ ವರ್ಷವರ್ಷವೂ ಯಾರಾದರೂ ಹಿಟ್ಟು ನಾದಬೇಕು, ಮಕ್ಕಳ ಪ್ರಶ್ನೆಗೆ ಕೂತು ಉತ್ತರ ಹೇಳಬೇಕು.