ದೀವ್ ತೀರದ ಚಿಪ್ಪುಗಳು

ಗಿರನಾರದಲ್ಲಿ ಶಂಖಲಾಂಛನನಾದ ನೇಮಿನಾಥಸ್ವಾಮಿಯ ದರ್ಶನವನ್ನು ಮುಗಿಸಿದ ನಮ್ಮ ಯಾತ್ರಾಸಂಘವು ದೀವ್ ದ್ವೀಪವನ್ನೂ ಕಂಡುಬಂದಿತು. 1961ರವರೆಗೆ ಪೋರ್ಚುಗೀಸರ ವಶದಲ್ಲಿದ್ದ ಊರು. ಅವರ ಕೋಟೆ ಇಂದಿಗೂ ಭವ್ಯವಾಗಿದೆ. ಆದರೆ ಮನಸ್ಸು ನಿಂತದ್ದು ನಾಗೋವಾ ತೀರದಲ್ಲಿ. ಮಕ್ಕಳು ಟೋಪಿ ತುಂಬ ಚಿಪ್ಪುಗಳನ್ನು ಆರಿಸುತ್ತಿದ್ದರು. ಶಂಖ, ಶುಕ್ತಿಗಳು ದ್ವೀಂದ್ರಿಯ ಜೀವಿಗಳೆಂದು ಪಾಠ ಹೇಳುವ ಹಿರಿಯರೊಬ್ಬರು, “ಇವು ಬರಿದಾದವು, ದೋಷವೇನು?” ಎಂದರು. ಅಷ್ಟರಲ್ಲಿ ಒಂದು ಚಿಪ್ಪು ನಡೆಯತೊಡಗಿತು! ಒಳಗೊಂದು ಪುಟ್ಟ ಏಡಿ. ತನ್ನ ಮೆದುವಾದ ಹಿಂಭಾಗವನ್ನು ಕಾಪಾಡಿಕೊಳ್ಳಲು ಈ ಜಾತಿಯ ಏಡಿಗೆ ಸತ್ತ ಜೀವಿಯ ಚಿಪ್ಪೇ ಮನೆ. ಬೆಳೆದಂತೆಲ್ಲ ಇನ್ನೂ ದೊಡ್ಡದನ್ನು ಅರಸಬೇಕು. ಬರಿದಾದ ಚಿಪ್ಪನ್ನು ಒಯ್ಯುವುದೂ ಅನರ್ಥದಂಡವೇ ಎಂದು ನನ್ನ ಅಭಿಪ್ರಾಯ. ಹಿರಿಯರು ಒಪ್ಪಲಿಲ್ಲ, ಬಸ್ಸಿನಲ್ಲಿಯೂ ಚರ್ಚೆ ನಡೆಯಿತು. ಮಕ್ಕಳು ಮಾತ್ರ ಆರಿಸಿದ್ದನ್ನೆಲ್ಲ ಆಗಲೇ ಮರಳಿಗೆ ಸುರಿದಿದ್ದರು.